ಹದಿನೆಂಟು ತುಂಬಿದ ವಿಕಲಚೇತನರಿಗೆ ಆಸರೆ ಯಾರು?

ಬುದ್ಧಿಮಾಂದ್ಯತೆ, ಆಟಿಸಂ ಮುಂತಾದ ತೊಂದರೆ ಇರುವ ಮಕ್ಕಳಿಗಾಗಿ ನಮ್ಮ ಕರಾವಳಿಯಲ್ಲಿ ವಿಶೇಷ ಶಾಲೆಗಳಿವೆ. ಆದರೆ ಆ ಮಕ್ಕಳೂ ದೊಡ್ಡವರಾಗುತ್ತಾರೆ. ಶಾಲೆ ಮುಗಿಯುತ್ತದೆ, ತಂದೆ ತಾಯಿಗೆ ವಯಸ್ಸಾಗುತ್ತದೆ, ಒಡಹುಟ್ಟಿದವರು ಗಲ್ಫಿನಲ್ಲೋ ಮುಂಬಯಿಯಲ್ಲೋ ನೆಲೆಸಿರುತ್ತಾರೆ. 'ನಮ್ಮ ಕಾಲಾನಂತರ ಇವನಿಗೆ ಯಾರು?' ಎಂಬ ಚಿಂತೆ ಅನೇಕ ಮನೆಗಳಲ್ಲಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಇವರಲ್ಲಿ ವಯಸ್ಕರಾದವರಿಗೆ ನೆರವು ಇಲ್ಲವೆಂದಲ್ಲ. ಅದು ಹಲವು ಕಚೇರಿಗಳಲ್ಲಿ ಹಂಚಿಹೋಗಿದೆ, ಕೇಳದೆ ಸಿಗುವುದಿಲ್ಲ ಎಂಬುದೇ ಸಮಸ್ಯೆ.

ಮೊದಲ ಬಾಗಿಲು ಗ್ರಾಮ ಪಂಚಾಯತ್. ಅಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯಲ್ಪಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಇವರು ಸ್ವತಃ ವಿಕಲಚೇತನರು, ಕಷ್ಟ ಬಲ್ಲವರು. ಯುಡಿಐಡಿ ಗುರುತಿನ ಚೀಟಿಯ ಅರ್ಜಿಗೆ ಇವರ ಸಹಾಯ ಪಡೆಯಬಹುದು. ವೈದ್ಯರ ತಪಾಸಣೆಯಲ್ಲಿ ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದಾದರೆ, ಆದಾಯ ಮಿತಿಗೆ ಒಳಪಟ್ಟು, ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಕೆಳಹಂತದ ಮಾಸಾಶನವನ್ನು 2021ರಲ್ಲಿ 600 ರೂಪಾಯಿಯಿಂದ 800ಕ್ಕೆ ಏರಿಸಲಾಯಿತು. ತೀವ್ರ ವೈಕಲ್ಯಕ್ಕೆ ಹೆಚ್ಚಿನ ಮೊತ್ತವಿದೆ.

ಹೆಚ್ಚಿನವರಿಗೆ ತಿಳಿಯದ ಬಾಗಿಲು ಜಿಲ್ಲಾಧಿಕಾರಿ ಕಚೇರಿಯಲ್ಲಿದೆ. ಮಗನಿಗೆ ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಹೆತ್ತವರೇ ಆದರೂ ಅವನ ಪರವಾಗಿ ಆಸ್ತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರ ತಾನಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿಯನ್ನು ಏರ್ಪಡಿಸಿದೆ. ಹೆತ್ತವರು, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆಗಳು ಅರ್ಜಿ ಸಲ್ಲಿಸಬಹುದು.

ಈ ಪೋಷಕತ್ವ ಆಸ್ತಿಗೆ ಒಡೆತನವಲ್ಲ. ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ ಅವರನ್ನು ತೆಗೆಯುವ ದಾರಿಯೂ ಇದೆ. ಆಸ್ತಿ ಪಾಲಾಗುವಾಗ ಮಾತನಾಡಲಾರದವನ ಪಾಲು ಸುಲಭವಾಗಿ ಕರಗಿಹೋಗಬಹುದು. ಆದುದರಿಂದ ಹೆತ್ತವರು ಜೀವಂತ ಇರುವಾಗಲೇ ಇದನ್ನು ಮಾಡಿ ಮುಗಿಸುವುದು ಒಳ್ಳೆಯದು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯುತ್ತದೆ. ಕೈಗೆ ಹಣ ಬರುತ್ತದೆ, ಕಾಗದಪತ್ರ ಸರಿಯಾಗುತ್ತದೆ. ಆದರೆ ಮೂವತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸಲು ಎಪ್ಪತ್ತರ ತಾಯಿಗೆ ಜತೆಯಾಗುವ ಕೈ ಇಲ್ಲ. ತೀವ್ರ ಆಸರೆ ಬೇಕಾದವರು ಅದಕ್ಕಾಗಿ ಅರ್ಜಿ ಸಲ್ಲಿಸಬಹುದು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 38ನೇ ಕಲಂ ಹೇಳುತ್ತದೆ. ಆದರೆ ಮನೆಗೆ ಬಂದು ಆರೈಕೆ ಮಾಡುವ ವ್ಯವಸ್ಥೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬೇರೂರಿಲ್ಲ.

ಇದು ಆಗದ ಕೆಲಸವೇನಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ನೊಂದವರಿಗಾಗಿ ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದುಕೊಂಡವು. ಹೆತ್ತವರಿಗೆ ಹಗಲಿನ ಕೆಲವು ಗಂಟೆಯಾದರೂ ಬಿಡುವು ಸಿಕ್ಕಿತು. ಆದರೆ ಅದು ವರ್ಷಗಟ್ಟಲೆ ಹೋರಾಡಿದ ಮೇಲೆ, ಒಂದು ವರ್ಗದ ಸಂತ್ರಸ್ತರಿಗೆ ಮಾತ್ರ ದೊರೆತದ್ದು. ಉಳಿದ ವಯಸ್ಕ ವಿಕಲಚೇತನರಿಗೂ ಅಂತಹ ಕೇಂದ್ರ ತಾಲೂಕಿಗೊಂದಾದರೂ ಬೇಕು.

ಗ್ರಾಮ ಪಂಚಾಯತ್ ತನ್ನ ಸ್ವಂತ ಆದಾಯದ ಶೇ. 5ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಅದು ಹೇಗೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗೆಲ್ಲರಿಗೂ ಇದೆ. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಇಂಥ ಮನೆಗಳು ಎಷ್ಟಿವೆ, ಯಾರಿಗೆ ಮಾಸಾಶನ ಬಂದಿಲ್ಲ, ಯಾರ ಪೋಷಕತ್ವ ಬಾಕಿಯಿದೆ ಎಂದು ಪಟ್ಟಿ ಮಾಡಿದರೆ ಕೆಲಸ ಅರ್ಧ ಮುಗಿದಂತೆ. ಹಬ್ಬಕ್ಕೆ ಕೊಡುವ ಅಕ್ಕಿ ಚೀಲ ಒಂದು ತಿಂಗಳಿಗೆ ಸಾಕಾದೀತು. ಜತೆಗೆ ಹೋಗಿ ಮಾಡಿಸಿಕೊಟ್ಟ ಪೋಷಕತ್ವದ ಆದೇಶ ಹೆತ್ತವರು ಇಲ್ಲದ ದಿನಕ್ಕೂ ಅವನ ಕೈಹಿಡಿಯುತ್ತದೆ.