ಪಡಸಾಲೆಯ ಎಂಟು ದೀಪಗಳು

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ನೇಕಾರಿಕೆಗೆ ಹೆಸರಾದ ಅವಳಿ ಪಟ್ಟಣ. ಕೃಷ್ಣೆಯ ಸೀಮೆಯ ಆ ಬಯಲೂರಿಗೂ ಸಹ್ಯಾದ್ರಿಯ ಕಣಿವೆಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ತಂತಿಯ ರೂಪದಲ್ಲಿದೆ. ಬಾಗಲಕೋಟೆ ಜಿಲ್ಲೆಗೂ ಉತ್ತರ ಕನ್ನಡ ಜಿಲ್ಲೆಗೂ ವಿದ್ಯುತ್ ಹಂಚುವ ಸಂಸ್ಥೆ ಒಂದೇ, ಹೆಸ್ಕಾಂ. ಶರಾವತಿ, ಕಾಳಿ, ಕೈಗಾ, ರಾಯಚೂರು, ಆಲಮಟ್ಟಿ ಇವೆಲ್ಲದರ ವಿದ್ಯುತ್ತು ಒಂದೇ ಜಾಲಕ್ಕೆ ಬಂದು ಸೇರುತ್ತದೆ. ಸಂಜೆ ಏಳು ಗಂಟೆಗೆ ರಬಕವಿಯ ಒಂದು ಮನೆಯಲ್ಲಿ ಗುಂಡಿ ಒತ್ತಿದಾಗ, ಆ ಬೇಡಿಕೆಯ ಒಂದು ಎಳೆ ಘಟ್ಟದ ನದಿಗಳವರೆಗೂ ಬಂದು ಮುಟ್ಟುತ್ತದೆ.

ಆ ಭಾಗದ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ತೊಲೆ, ಜಂತಿಗಳ ಮೇಲೆ ಮಣ್ಣು ಹರಡಿದ ಆ ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇರುತ್ತಿತ್ತು. ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತ ನೇಕಾರನಿಗೆ ಹಾಸು-ಹೊಕ್ಕಿನ ಎಳೆಗಳು ಕಾಣುತ್ತಿದ್ದುದು ಹಗಲಿನ ಆ ಬೆಳಕಿನಲ್ಲಿ. ಕಾಂಕ್ರೀಟಿನ ಮನೆಗಳು ಬಂದವು, ಬೆಳಕಿಂಡಿ ಮುಚ್ಚಿತು. ಅನುಕೂಲವಿದ್ದವರ ಮನೆಗಳಲ್ಲಿ ತಾರಸಿಯ ಕೆಳಗೆ ಪ್ಲಾಸ್ಟರಿನ ಇನ್ನೊಂದು ಸೂರು ಬಂತು. ಅದಕ್ಕೆ ದುಂಡನೆಯ ರಂಧ್ರ ಕೊರೆದು ಒಳಗೆ ಹುದುಗಿಸುವ ದೀಪಗಳು ಬಂದವು. ಪಟ್ಟಣಗಳಲ್ಲಿ ಇವನ್ನು ಡೌನ್‌ಲೈಟ್ ಎನ್ನುತ್ತಾರೆ. ಆಕಾಶದ ಬೆಳಕು ಇಳಿಯುತ್ತಿದ್ದ ಜಾಗದಲ್ಲಿ ಈಗ ವಿದ್ಯುತ್ತಿನ ಬೆಳಕು ಇಳಿಯುತ್ತಿದೆ.

ಇಂತಹ ಹಳೆಯ ದೀಪಗಳನ್ನು ಕಿತ್ತು ಹೊಸ ಎಲ್‌ಇಡಿ ದೀಪಗಳನ್ನು ಕೂರಿಸುವ ಕೆಲಸ ಇಂದು ಊರೂರಲ್ಲಿ ನಡೆದಿದೆ. ಇದನ್ನು ಮನೆಯ ಅಲಂಕಾರದ ಮಾತೆಂದು ಬದಿಗಿಡುವಂತಿಲ್ಲ. ಲೆಕ್ಕ ಹಾಕಿ ನೋಡಬೇಕು.

ಒಂದು ಪಡಸಾಲೆಯ ಸೂರಿನಲ್ಲಿ 50 ವ್ಯಾಟಿನ ಎಂಟು ಹ್ಯಾಲೊಜೆನ್ ದೀಪಗಳಿವೆ ಎಂದಿಟ್ಟುಕೊಳ್ಳೋಣ. ಒಟ್ಟು 400 ವ್ಯಾಟ್. ದಿನಕ್ಕೆ ಐದು ತಾಸು ಉರಿದರೆ 2 ಯೂನಿಟ್, ತಿಂಗಳಿಗೆ 60 ಯೂನಿಟ್. ಅಷ್ಟೇ ಬೆಳಕನ್ನು 7 ವ್ಯಾಟಿನ ಎಂಟು ಎಲ್‌ಇಡಿಗಳು 56 ವ್ಯಾಟಿನಲ್ಲಿ ಕೊಡುತ್ತವೆ. ತಿಂಗಳಿಗೆ 8.4 ಯೂನಿಟ್. ಉಳಿತಾಯ 51 ಯೂನಿಟ್‌ಗಿಂತ ಹೆಚ್ಚು. ಕಾರಣ ಸರಳ. ಹ್ಯಾಲೊಜೆನ್ ದೀಪವು ಹಳೆಯ ಬಲ್ಬಿನ ಸೋದರ. ತಂತಿಯನ್ನು ಕಾಯಿಸಿ ಬೆಳಕು ಪಡೆಯುವ ಆ ವಿಧಾನದಲ್ಲಿ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲು ಕೆಂಡವಾಗುವ ಬಯಲುಸೀಮೆಯಲ್ಲಿ, ಸೂರಿನಲ್ಲಿ ಎಂಟು ಪುಟ್ಟ ಒಲೆಗಳನ್ನು ಹೊತ್ತಿಸಿ, ಆ ಸೆಕೆಗೆ ಮತ್ತೆ ಫ್ಯಾನು ಹಾಕಿದಂತಾಗುತ್ತದೆ.

ಎಲ್‌ಇಡಿ ಈ ಕಥೆಯನ್ನು ಬದಲಿಸಿತು. ನೀಲಿ ಬೆಳಕು ಕೊಡುವ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ದೊರೆಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. ಬಡವರ ಮನೆಯ ತೂಗುಬಲ್ಬು ಹೀಗೆ ಬೇಗ ಬದಲಾಯಿತು. ಸೂರಿನೊಳಗೆ ಹುದುಗಿದ ದೀಪಗಳು ಮಾತ್ರ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿವೆ. ಅವನ್ನು ಬದಲಿಸಲು ಸೂರಿಗೆ ಕೈಹಾಕಬೇಕು, ಖರ್ಚು ಮಾಡಬೇಕು.

ಇನ್ನೊಂದು ಕಾರಣವೂ ಇದೆ. 2023ರ ಜುಲೈನಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ಅನುಗುಣವಾಗಿ, ಬಿಲ್ಲು ಶೂನ್ಯ. ದುಡಿಯುವ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಅದನ್ನು ಹಳಿಯುವುದು ಸಲ್ಲದು. ಆದರೆ ಬಿಲ್ಲು ಶೂನ್ಯವಾದಾಗ ಉಳಿತಾಯವೂ ಕಣ್ಣಿಗೆ ಕಾಣದಾಗುತ್ತದೆ. ಮನೆಯವರು ತೆರದಿದ್ದರೂ ಬೆಲೆಯನ್ನು ಯಾರಾದರೂ ತೆರಲೇಬೇಕು. ಸರ್ಕಾರದ ಬೊಕ್ಕಸ ತೆರುವುದು ಅದರ ಒಂದು ಪಾಲನ್ನು ಮಾತ್ರ. ಉಳಿದದ್ದನ್ನು ತೆರುವುದು ನದಿ, ಕಾಡು, ಅವುಗಳ ದಡದ ಜನ.

ಇಲ್ಲಿಯೇ ಮಲೆನಾಡಿನ ಪ್ರಶ್ನೆ ಎದುರಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಕೊಟ್ಟ ಆ ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರ ಭೂಮಿಯ ಹಕ್ಕಿನ ಗೋಳು ಇನ್ನೂ ಮುಗಿದಿಲ್ಲ. ಹಿನ್ನೀರಿನಾಚೆಯ ಜನರು ಲಾಂಚಿಗೆ ಕಾಯುವುದನ್ನು ತಪ್ಪಿಸಿದ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅಣೆಕಟ್ಟೆಯಾಗಿ 61 ವರ್ಷಗಳ ಬಳಿಕ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಡ. ಈಗ ಅದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ನೆಲ. ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಹರಿಸಿ ವಿದ್ಯುತ್ ತೆಗೆಯುವುದು ಅದರ ಕ್ರಮ. ಇಂತಹ ಯಾವ ಯೋಜನೆಯೂ ತಾನು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಆದರೂ ಅದು ಬೇಕೆನ್ನಲು ಮುಂದಿಡುವ ಮುಖ್ಯ ವಾದ, ಬೇಡಿಕೆ ಏರುವ ಹೊತ್ತಿನ, ಅದರಲ್ಲೂ ಸೌರವಿದ್ಯುತ್ ಇಲ್ಲದ ಸಂಜೆಯ ಹೊತ್ತಿನ ಕೊರತೆ.

ಮನೆಯ ದೀಪಗಳು ಉರಿಯುವುದು ಸರಿಯಾಗಿ ಆ ಹೊತ್ತಿನಲ್ಲಿಯೇ. ಮೇಲೆ ಹೇಳಿದಂತಹ ಒಂದು ಪಡಸಾಲೆ ಬದಲಾದರೆ ಆ ಕ್ಷಣದ ಬೇಡಿಕೆ 344 ವ್ಯಾಟಿನಷ್ಟು ಇಳಿಯುತ್ತದೆ. ಅಂತಹ ಒಂದು ಲಕ್ಷ ಪಡಸಾಲೆಗಳು ಬದಲಾದರೆ 34 ಮೆಗಾವ್ಯಾಟ್. 2000 ಮೆಗಾವ್ಯಾಟಿನ ಮುಂದೆ ಇದು ಚಿಕ್ಕದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದೀಪ ಬದಲಿಸಿದ ಮಾತ್ರಕ್ಕೆ ಯಾವ ಅಣೆಕಟ್ಟೆಯೂ ನಿಲ್ಲುವುದಿಲ್ಲ. ಆದರೆ ದೀಪದಂತೆಯೇ ಫ್ಯಾನು, ಪಂಪುಸೆಟ್ಟು, ಬೀದಿದೀಪ, ತಂತಿಯಲ್ಲಿ ಸೋರುವ ವಿದ್ಯುತ್ತು ಇವೆಲ್ಲವನ್ನೂ ಇದೇ ಬಗೆಯಲ್ಲಿ ಎಣಿಸಬೇಕು. ಎಣಿಸದೆಯೇ ಕಣಿವೆಯನ್ನು ಅಗೆಯಲು ಹೊರಡುವುದು ಅನ್ಯಾಯ. ಉಳಿಸಿದ ವಿದ್ಯುತ್ತಿಗೆ ಮುಳುಗಡೆಯಿಲ್ಲ, ಅದನ್ನು ದೂರದಿಂದ ಸಾಗಿಸಬೇಕಾಗಿಯೂ ಇಲ್ಲ.

ರಬಕವಿಯ ಜನರಿಗೆ ಈ ಮಾತನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಅವರ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯ ಹಳೆಯ ಊರಿನ ಭಾಗಗಳೇ ಆಲಮಟ್ಟಿಯ ಹಿನ್ನೀರಿಗೆ ಆಹುತಿಯಾಗಿ, ಜನರು ನವನಗರಕ್ಕೆ ಹೋಗಬೇಕಾಯಿತು. ಶರಾವತಿಯ ಮುಳುಗಡೆಯವರೂ ಕೃಷ್ಣೆಯ ಮುಳುಗಡೆಯವರೂ ಒಂದೇ ನೋವಿನ ಬಂಧುಗಳು. ಬಯಲಿನವರು ಬಳಸುತ್ತಾರೆ, ಮಲೆನಾಡಿನವರು ಕಳೆದುಕೊಳ್ಳುತ್ತಾರೆ ಎಂಬ ಸರಳ ವಿಭಜನೆ ಸತ್ಯಕ್ಕೆ ದೂರ. ಶಿರಸಿ, ಸಾಗರಗಳ ಹೊಸ ಮನೆಗಳ ಸೂರಿನಲ್ಲಿಯೂ ಇದೇ ದುಂಡನೆಯ ರಂಧ್ರಗಳಿವೆ.

ಬದಲಿಸುವಾಗ ಗಮನಿಸಬೇಕಾದ ಸಂಗತಿಗಳಿವೆ. ಹಳೆಯ ಹ್ಯಾಲೊಜೆನ್ ದೀಪಗಳಲ್ಲಿ ಹೆಚ್ಚಿನವು 12 ವೋಲ್ಟಿನವು. ಸೂರಿನ ಮೇಲೆ ಅವುಗಳ ಟ್ರಾನ್ಸ್‌ಫಾರ್ಮರ್ ಅಡಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಎಲ್‌ಇಡಿ ಸಿಕ್ಕಿಸಿದರೆ, ಹೊರೆ ಸಾಲದೆ ದೀಪ ಮಿಣುಕುತ್ತದೆ, ಬೇಗ ಕೆಡುತ್ತದೆ. ಟ್ರಾನ್ಸ್‌ಫಾರ್ಮರನ್ನು ತೆಗೆದು ಎಲ್‌ಇಡಿಗೆ ತಕ್ಕ ಡ್ರೈವರ್ ಹಾಕಿಸಬೇಕು. ಹಳೆಯ ರಂಧ್ರದ ಅಳತೆಗೆ ಹೊಂದುವ ದೀಪವನ್ನೇ ತಂದರೆ ಸೂರು ಒಡೆಯುವುದು ತಪ್ಪುತ್ತದೆ. ಗೋಡೆಯ ಗುಂಡಿ ಆರಿಸಿದರೆ ಸಾಲದು, ಮೇನ್ ಸ್ವಿಚ್ ಇಳಿಸಬೇಕು. ಕೆಲಸ ಬಲ್ಲ ವೈರ್‌ಮನ್‌ನಿಂದಲೇ ಮಾಡಿಸಬೇಕು.

ನೇಕಾರರ ಮನೆಗಳಿಗೆ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಮಗ್ಗವಿದ್ದಲ್ಲಿ ನೂಲಿನ ನಯವಾದ ಧೂಳು ತೇಲುತ್ತದೆ. ಪ್ಲಾಸ್ಟರಿನ ಸೂರಿನ ಮೇಲೆಯೂ ಅದು ಕೂರುತ್ತದೆ. ಕೈ ಸುಡುವಷ್ಟು ಕಾಯುವ ಹ್ಯಾಲೊಜೆನ್ ದೀಪದ ಬೆನ್ನಿಗೆ ಹತ್ತಿಯ ಧೂಳು ಕವಿಯುವುದು ಬೆಂಕಿಯನ್ನು ಕರೆದಂತೆ. ಎಲ್‌ಇಡಿ ಅಷ್ಟು ಕಾಯದು. ಆದರೆ ಅದರ ಶಾಖವೂ ಬೆನ್ನಿನ ಕಡೆಯಿಂದಲೇ ಹೊರಹೋಗಬೇಕು. ಧೂಳು ಮುಚ್ಚಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹಳೆಯದನ್ನು ಕಿತ್ತಾಗ ಸೂರಿನ ಒಳಭಾಗವನ್ನು ಗುಡಿಸಿ ಶುಚಿಗೊಳಿಸುವುದು ಒಳ್ಳೆಯದು.

ಬೆಳಕಿನ ಗುಣವೂ ಮುಖ್ಯ. ಅಗ್ಗದ ಎಲ್‌ಇಡಿಗಳಲ್ಲಿ ಬಣ್ಣಗಳು, ವಿಶೇಷವಾಗಿ ಕೆಂಪು, ತಮ್ಮ ನಿಜರೂಪದಲ್ಲಿ ಕಾಣುವುದಿಲ್ಲ. ಬಣ್ಣದ ನೂಲು ಆರಿಸಿ ಸೀರೆಯ ಅಂಚು, ಸೆರಗು ಹೊಂದಿಸುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಹಗಲು ಬೆಳಕಿಗೆ 100 ಎಂದು ಹಿಡಿದ ಅಳತೆ ಅದು. ಮಗ್ಗದ ಬಳಿ 90ರ ಆಸುಪಾಸಿನದು ಬೇಕು. ಮಲೆನಾಡಿನ ಅಂಗಳಗಳಿಗೆ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕೇ ಲೇಸು. ನೀಲಿ ಮಿಶ್ರಿತ ಬಿಳಿ ಬೆಳಕು ಪತಂಗಗಳನ್ನು ಹೆಚ್ಚು ಸೆಳೆಯುತ್ತದೆ. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಇರುಳಿನ ಕೀಟಗಳು ದೀಪ ಸುತ್ತಿ ಸಾಯುವುದು ತೋಟಕ್ಕೂ ಕಾಡಿಗೂ ನಷ್ಟವೇ.

ಕಿತ್ತ ದೀಪಗಳು ಎಲ್ಲಿಗೆ ಹೋಗಬೇಕು? ಕೆಲವು ಸೂರುಗಳಲ್ಲಿ ಸಿಎಫ್‌ಎಲ್ ಕೊಳವೆಗಳಿವೆ. ಅವುಗಳಲ್ಲಿ ಪಾದರಸವಿದೆ. 2016ರ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನೂ ತಮ್ಮ ವ್ಯಾಪ್ತಿಗೆ ತಂದವು. ತಿಪ್ಪೆಗೆ ಎಸೆದರೆ ಆ ವಿಷ ಮಣ್ಣಿಗೂ ಕೆರೆಗೂ ಸೇರುತ್ತದೆ. ಒಡೆಯದಂತೆ ಕಟ್ಟಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಉರಿಯುತ್ತಿರುವ ಎಲ್‌ಇಡಿಯನ್ನು ಹೊಸ ಮಾದರಿಯ ಮೋಹಕ್ಕಾಗಿ ಕಿತ್ತೊಗೆಯುವುದಂತೂ ಶುದ್ಧ ದುಂದು. ಕೊಳ್ಳುವಾಗ ಡ್ರೈವರನ್ನು ಪ್ರತ್ಯೇಕವಾಗಿ ಬದಲಿಸಬಹುದಾದ ದೀಪವನ್ನು ಆರಿಸಬೇಕು. ಅನೇಕ ವೇಳೆ ಮೊದಲು ಕೆಡುವುದು ಅದೇ. ಅದೊಂದಕ್ಕಾಗಿ ಇಡೀ ದೀಪ ಕಸವಾಗಬಾರದು.

ಕೊನೆಯ ಅಪಾಯ ಅಗ್ಗದ್ದು. 1865ರಲ್ಲಿಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್, ಕಲ್ಲಿದ್ದಲನ್ನು ಮಿತವ್ಯಯದಿಂದ ಬಳಸುವ ಯಂತ್ರಗಳು ಬಂದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆಯೆಂದು ತೋರಿಸಿದ್ದ. ದೀಪದ ವಿಷಯದಲ್ಲಿಯೂ ಹಾಗೆಯೇ. ಏಳು ವ್ಯಾಟ್ ತಾನೇ ಎಂದು ಎಂಟು ರಂಧ್ರಗಳು ಹದಿನಾರಾಗುತ್ತವೆ, ಸೂರಿನ ಅಂಚಿಗೆ ಬಣ್ಣದ ಪಟ್ಟಿಗಳು ಬರುತ್ತವೆ, ಉಳಿದದ್ದೆಲ್ಲ ಸೋರಿಹೋಗುತ್ತದೆ. ಆದ್ದರಿಂದ ದೀಪ ಬದಲಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ದೀಪ ಬೇಕು ಎಂಬುದು. ಎಂಟರಲ್ಲಿ ನಾಲ್ಕು ಸಾಕಾದರೆ ಉಳಿದ ನಾಲ್ಕು ರಂಧ್ರಗಳನ್ನು ಮುಚ್ಚಿಬಿಡಬಹುದು. ಹೊಸ ಮನೆ ಕಟ್ಟುವವರು ತಾರಸಿಯಲ್ಲಿ ಒಂದು ಗಾಜಿನ ಬೆಳಕಿಂಡಿಗೆ ಜಾಗ ಬಿಟ್ಟರೆ ಹಗಲಿನ ದೀಪವೇ ಬೇಡವಾಗುತ್ತದೆ. ಅಜ್ಜಂದಿರ ಆ ಜಾಣ್ಮೆಗೆ ಇಂದಿಗೂ ಬೆಲೆಯಿದೆ.

ಕಣಿವೆಗಳ ಪರವಾಗಿ ಮಾತನಾಡುವವರ ಮನೆಯ ಸೂರು ಮೊದಲು ಪರಿಶೀಲನೆಗೆ ಒಳಗಾಗಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಮನೆಯ ದೀಪಗಳ ವ್ಯಾಟುಗಳನ್ನು ಬರೆದು, ಉರಿಯುವ ತಾಸುಗಳಿಂದ ಗುಣಿಸಿ, ಊರಿನ ಮೊತ್ತವನ್ನು ತೆಗೆಯಲಿ. ಒಂದು ನೋಟುಪುಸ್ತಕ, ಒಂದು ಭಾನುವಾರ ಸಾಕು. ಮುಂದಿನ ಅಹವಾಲು ಸಭೆಯಲ್ಲಿ ವಿದ್ಯುತ್ತಿಗೆ ಬೇರೆ ದಾರಿ ಯಾವುದಿದೆ ಎಂದು ಅಧಿಕಾರಿಗಳು ಕೇಳಿದಾಗ, ಘೋಷಣೆಯ ಜೊತೆಗೆ ಈ ಲೆಕ್ಕವನ್ನೂ ಮೇಜಿನ ಮೇಲಿಡಬಹುದು.