ತೊಟ್ಟಿಯ ತಳದ ಕೆಸರು ಯಾರ ಲೆಕ್ಕಕ್ಕೆ?

ಚಿನ್ನಾಭರಣ ತಯಾರಿಕೆಯಲ್ಲಿ ಸವಕಳಿಯ ಪ್ರಶ್ನೆ ಬಂದಾಗಲೆಲ್ಲ ವ್ಯಾಪಾರಿಗಳ ದೃಷ್ಟಿ ಹರಿಯುವುದು ಮೂಸೆ, ಅರ ಮತ್ತು ಬಫ್ ಯಂತ್ರಗಳ ಕಡೆಗೆ. ಮೆರುಗು ಕೊಟ್ಟ ನಂತರ ಒಡವೆಯನ್ನು ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಲೆಕ್ಕದ ವಿಷಯವೆಂದು ಪರಿಗಣಿಸುವವರು ವಿರಳ. ಅದು ಕೇವಲ ಶುಚಿ ಮಾಡುವ ಸಾಧನವೆಂಬ ಭಾವನೆಯಿಂದಾಗಿ, ಕಪ್ಪಾದ ನೀರು ಅನೇಕ ಕಾರ್ಯಾಗಾರಗಳಲ್ಲಿ ನೇರವಾಗಿ ಚರಂಡಿಗೆ ಹೋಗುತ್ತದೆ. ಆ ನೀರಿನಲ್ಲಿ ಇರುವುದು ಬರಿಯ ಕೊಳೆಯಲ್ಲ, ದಾಸ್ತಾನು.

ಬಫ್ ಮೇಲೆ ಹಚ್ಚುವ ಟ್ರಿಪೋಲಿ ಅಥವಾ ರೂಜ್ ಎಂಬ ಮೆರುಗಿನ ದ್ರವ್ಯಗಳಲ್ಲಿ ಮೇಣ ಮತ್ತು ಜಿಡ್ಡು ಬೆರೆತಿರುತ್ತವೆ. ಉಜ್ಜುವಾಗ ಸವೆದ ಚಿನ್ನದ ಕಣಗಳಲ್ಲಿ ಬಹುಪಾಲು ಬಫ್‌ನಲ್ಲಿಯೂ ಧೂಳು ಹೀರುವ ಯಂತ್ರದಲ್ಲಿಯೂ ಉಳಿಯುತ್ತವೆ. ಮಿಕ್ಕವು ಈ ಜಿಡ್ಡಿನೊಡನೆ ಸೇರಿ, ಹರಳಿನ ಹಿಂಬದಿಗೂ ಜಾಲರಿ ಕೆಲಸದ ಸಂದುಗಳಿಗೂ ಅಂಟಿಕೊಳ್ಳುತ್ತವೆ. ತೊಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಶಬ್ದತರಂಗಗಳು, ಬಿಸಿಯಾದ ಮಾರ್ಜಕದ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಹುಟ್ಟಿಸಿ ಒಡೆಯುತ್ತವೆ. ಕುಂಚ ತಲುಪದ ಜಾಗದ ಜಿಡ್ಡನ್ನು ಎಬ್ಬಿಸುವುದು ಈ ಒಡೆತವೇ. ಜಿಡ್ಡಿನೊಂದಿಗೆ ಚಿನ್ನವೂ ಏಳುತ್ತದೆ, ತಳಕ್ಕೆ ಇಳಿಯುತ್ತದೆ.

ತೂಕದ ವಿಷಯದಲ್ಲಿ ಇದರಿಂದ ಒಂದು ಸೂಕ್ಷ್ಮವಾದ ದೋಷ ಉಂಟಾಗುತ್ತದೆ. ಮೆರುಗು ಮುಗಿದ ಕೂಡಲೇ ತೂಗಿದರೆ ಒಡವೆಯ ತೂಕದಲ್ಲಿ ಜಿಡ್ಡೂ ಸೇರಿರುತ್ತದೆ. ಮೆರುಗಿನ ಸವಕಳಿ ಕಡಿಮೆಯೆಂದು ಕಾಣುತ್ತದೆ, ತೊಳೆದ ಮೇಲೆ ಕಾರಣ ತಿಳಿಯದ ಕೊರತೆ ಕಾಣುತ್ತದೆ. ಟೊಳ್ಳು ಬಳೆಯೊಳಗೆ ನೀರು ನಿಂತಿದ್ದರೆ ಪರಿಣಾಮ ತದ್ವಿರುದ್ಧ. ಆದುದರಿಂದ ತೊಳೆದು, ಚೆನ್ನಾಗಿ ಒಣಗಿಸಿದ ನಂತರದ ತೂಕವೊಂದೇ ಲೆಕ್ಕಕ್ಕೆ ಯೋಗ್ಯ.

ಮೊತ್ತ ಅಲ್ಪವೆಂದು ತಳ್ಳಿಹಾಕುವವರು ಒಂದು ಉದಾಹರಣೆಯನ್ನು ಗಮನಿಸಬಹುದು. ತಿಂಗಳಿಗೆ 2 ಕಿಲೋ 22 ಕ್ಯಾರೆಟ್ ಒಡವೆಗೆ ಮೆರುಗು ಕೊಡುವ ಕಾರ್ಯಾಗಾರದಲ್ಲಿ ಕಿಲೋಗೆ ಒಂದೇ ಗ್ರಾಂ ಚಿನ್ನ ತೊಟ್ಟಿ ಸೇರುತ್ತದೆಂದು ಹಿಡಿಯೋಣ. ವರ್ಷಕ್ಕೆ 24 ಗ್ರಾಂ, ಅಂದರೆ ಅಪರಂಜಿಯ ಲೆಕ್ಕದಲ್ಲಿ ಸುಮಾರು 22 ಗ್ರಾಂ. 2025ರಲ್ಲಿ ಅಪರಂಜಿಯ ಬೆಲೆ ದಾಟಿದ 10 ಗ್ರಾಂಗೆ 1 ಲಕ್ಷ ರೂಪಾಯಿಯ ದರದಲ್ಲಿಯೂ ಇದು 2.2 ಲಕ್ಷ ರೂಪಾಯಿ. ಅಕ್ಕಸಾಲೆಯ ಧೂಳನ್ನೂ ಚರಂಡಿಯ ಹೂಳನ್ನೂ ತೊಳೆದು ಚಿನ್ನ ಹೆಕ್ಕುವ ಜಲಗಾರರು ಈ ಲೆಕ್ಕವನ್ನು ತಲೆಮಾರುಗಳಿಂದ ಬಲ್ಲರು. ಲೆಕ್ಕಪುಸ್ತಕ ಇಡುವವರು ಮಾತ್ರ ಅರಿತಿಲ್ಲ.

ಕಾನೂನು ಇದನ್ನು ಕಡೆಗಣಿಸಿಲ್ಲ. ಕೇಂದ್ರ ಜಿ.ಎಸ್.ಟಿ. ನಿಯಮ 56ರ ಪ್ರಕಾರ ದಾಸ್ತಾನು ಲೆಕ್ಕದಲ್ಲಿ ಕಚ್ಚಾ ಸಾಮಗ್ರಿ ಮತ್ತು ಸಿದ್ಧ ಸರಕಿನ ಜೊತೆಗೆ ಗುಜರಿ ಹಾಗೂ ವ್ಯರ್ಥವಸ್ತುವಿನ ಶಿಲ್ಕನ್ನೂ ತೋರಿಸಬೇಕು. ಕಳೆದುಹೋದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆಂದು ಕಾಯಿದೆಯ 17(5) ಕಲಮು ಹೇಳುತ್ತದೆ. ಕಂಡುಬಂದ ಕೊರತೆ ತಯಾರಿಕೆಯ ಸಹಜ ಸವಕಳಿಯೇ ಹೊರತು ನಷ್ಟವಾದ ಸರಕಲ್ಲ ಎಂದು ಅಧಿಕಾರಿಯ ಮುಂದೆ ವಾದಿಸಬೇಕಾದಾಗ, ತಿಂಗಳು ತಿಂಗಳು ತೂಗಿ ಬರೆದ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಾಯಿಮಾತಿನ ಶೇಕಡಾವಾರು ಅಲ್ಲಿ ನಿಲ್ಲುವುದಿಲ್ಲ.

ಆದರೆ ನಿಜವಾದ ತೊಡಕು ಇರುವುದು ಜಾಬ್ ವರ್ಕ್‌ನಲ್ಲಿ. ಬೆಂಗಳೂರಿನ ನಗರ್ತಪೇಟೆಯಂಥ ಕಡೆಗಳಲ್ಲಿ ಅಂಗಡಿಯವರು ಚಿನ್ನ ಕೊಟ್ಟು, ನಿಗದಿಯಾದ ವೇಸ್ಟೇಜ್ ಬಿಟ್ಟು, ಒಡವೆ ಪಡೆಯುವ ಪದ್ಧತಿ ಹಳೆಯದು. ತೊಟ್ಟಿಯಲ್ಲಿ ಉಳಿದ ಚಿನ್ನ ಯಾರದು? ಜಾಬ್ ವರ್ಕ್‌ನ ವ್ಯರ್ಥವಸ್ತುವನ್ನು ನೋಂದಾಯಿತ ಕೆಲಸಗಾರನು ತನ್ನ ಸ್ಥಳದಿಂದಲೇ ತೆರಿಗೆ ತೆತ್ತು ಮಾರಲು 143ನೆಯ ಕಲಮು ಅವಕಾಶ ಕೊಡುತ್ತದೆ. ನೋಂದಣಿ ಇಲ್ಲದವನ ಪರವಾಗಿ ಆ ಹೊಣೆ ಚಿನ್ನ ಕೊಟ್ಟವರದು. ಮಾಲೀಕತ್ವವನ್ನು ಮಾತ್ರ ಉಭಯತರೇ ಬರೆದುಕೊಳ್ಳಬೇಕು, ಆ ಒಂದು ಸಾಲು ಬಹುತೇಕ ಚೀಟಿಗಳಲ್ಲಿ ಇರುವುದಿಲ್ಲ.

ಇಲ್ಲಿ ಅಂಗಡಿಯವರ ಪರವಾಗಿಯೇ ವಾದಿಸುವುದು ನ್ಯಾಯವಲ್ಲ. ಮಜೂರಿ ಸಾಲದ ಅಕ್ಕಸಾಲಿಗನಿಗೆ ಧೂಳು ಮತ್ತು ಕೆಸರಿನ ಚಿನ್ನವೇ ಸಂಬಳದ ಒಂದು ಭಾಗವಾಗಿ ಪರಿಣಮಿಸಿದೆ. ಮಜೂರಿಯನ್ನು ಹೆಚ್ಚಿಸದೆ ಕೆಸರನ್ನು ಮಾತ್ರ ಕೇಳುವ ವ್ಯಾಪಾರಿ ಲೆಕ್ಕದ ಹೆಸರಿನಲ್ಲಿ ಕೂಲಿಯನ್ನೇ ಕಡಿತಗೊಳಿಸಿದಂತೆ. ಇನ್ನೊಂದೆಡೆ, ಗ್ರಾಹಕನ ಬಿಲ್ಲಿನಲ್ಲಿ ವೇಸ್ಟೇಜ್ ಎಂದು ಬರೆದ ಮೊತ್ತದಲ್ಲಿ ನಿಜವಾದ ಸವಕಳಿ ಎಷ್ಟು, ಕೂಲಿ ಎಷ್ಟು ಎಂಬುದು ಯಾರಿಗೂ ತಿಳಿಯದ ಸ್ಥಿತಿ ಮುಂದುವರಿಯುತ್ತದೆ. ಮಜೂರಿಯನ್ನು ಮಜೂರಿಯೆಂದೇ ಏರಿಸಿ, ಮರಳಿ ದೊರೆತ ಚಿನ್ನವನ್ನು ಚಿನ್ನವೆಂದೇ ಜಮಾ ಮಾಡುವುದು ಹೆಚ್ಚು ಪ್ರಾಮಾಣಿಕವಾದ ಕ್ರಮ.

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ನೀರನ್ನು ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಸೋಸಿ, ಕೆಸರನ್ನು ಒಣಗಿಸಿ ಪ್ರತ್ಯೇಕ ಡಬ್ಬಿಯಲ್ಲಿ ಇಡಬೇಕು. 22 ಮತ್ತು 18 ಕ್ಯಾರೆಟ್‌ಗಳಿಗೆ ಬೇರೆ ಬೇರೆ ತೊಟ್ಟಿ ಇದ್ದರೆ ಲೇಸು, ಬೆಳ್ಳಿಗಂತೂ ಬೇರೆಯೇ ಇರಲಿ. ಕೆಸರಿನ ತೂಕವೇ ಚಿನ್ನದ ತೂಕವಲ್ಲವಾದ್ದರಿಂದ ಶುದ್ಧೀಕರಣಗಾರನಿಂದ ಬಂದ ತೂಕದ ಚೀಟಿಯನ್ನು ಪುಸ್ತಕಕ್ಕೆ ಲಗತ್ತಿಸಬೇಕು.

ಅದೇ ಚೀಟಿಯಲ್ಲಿ ಹರಳಿನ ವಿಷಯವನ್ನೂ ನಮೂದಿಸುವುದು ಒಳಿತು. ಮುತ್ತು, ಹವಳ, ಓಪಲ್‌ಗಳನ್ನು ಈ ತೊಟ್ಟಿಯಲ್ಲಿ ಇಳಿಸಬಾರದು. ಬಿರುಕಿಗೆ ಎಣ್ಣೆ ತುಂಬಿದ ಪಚ್ಚೆಯಿಂದ ಎಣ್ಣೆ ಹೊರಟರೆ ಬಿರುಕು ಎದ್ದು ಕಾಣುತ್ತದೆ. ಹಾನಿಯಾದ ಮೇಲೆ ಆ ಪಚ್ಚೆಯ ಬೆಲೆ ಯಾರು ತೆರಬೇಕೆಂದು ಚರ್ಚಿಸುವುದಕ್ಕಿಂತ, ತೊಳೆಯಬಾರದ ಹರಳುಗಳ ಪಟ್ಟಿಗೆ ಉಭಯತರೂ ಮೊದಲೇ ಸಹಿ ಹಾಕಿರುವುದು ಅಗ್ಗ.