ಸವಾನಾದ ಅರಳೆ ಗೋದಾಮುಗಳು ಮತ್ತು ರಾತ್ರಿಯ ಆದಾಯ

ಕಟ್ಟಡವೊಂದರ ಪುಸ್ತಕ ಮೌಲ್ಯವು ಸವಕಳಿಯಿಂದಾಗಿ ಶೂನ್ಯಕ್ಕೆ ಸಮೀಪಿಸಿದ ಮೇಲೆ ಅದನ್ನು ಕೆಡವಿ ನಿವೇಶನವನ್ನು ಮಾರುವುದೇ ಲಾಭದಾಯಕವೆಂದು ಸಲಹೆ ನೀಡುವುದು ನಮ್ಮ ವೃತ್ತಿಯಲ್ಲಿ ರೂಢಿಯಾಗಿದೆ. ಕೆಲವು ವರ್ಷಗಳ ಹಿಂದೆ ಜಿನ್ನಿಂಗ್ ಕಾರ್ಖಾನೆಯ ಮಾಲೀಕರೊಬ್ಬರಿಗೆ ನಾನೂ ಇದೇ ಸಲಹೆಯನ್ನು ನೀಡಿದ್ದೆ. ಅವರ ಕಲ್ಲಿನ ಗೋದಾಮು ಈಗ ಇಲ್ಲ. ಅಮೆರಿಕದ ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಂದ ಸುಮಾರು 400 ಕಿ.ಮೀ. ದೂರದ ಸವಾನಾ ನಗರದಲ್ಲಿ ಎರಡು ರಾತ್ರಿ ತಂಗಿದ ಬಳಿಕ, ಆ ಸಲಹೆ ಸರಿಯಾಗಿತ್ತೇ ಎಂಬ ಸಂಶಯ ನನ್ನನ್ನು ಬಾಧಿಸುತ್ತಿದೆ.

ಸವಾನಾ ನಮ್ಮ ಭಾಗದ ವರ್ತಕರಿಗೆ ಪೂರ್ತಿ ಅಪರಿಚಿತವಾಗಬೇಕಿಲ್ಲ. ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಜಿನ್ ಯಂತ್ರವನ್ನು ಎಲಿ ವಿಟ್ನಿ ರೂಪಿಸಿದ್ದು 1793ರಲ್ಲಿ, ಈ ನಗರದ ಹತ್ತಿರದ ತೋಟವೊಂದರಲ್ಲಿ. ಅದೇ ತತ್ತ್ವದ ಗರಗಸ ಜಿನ್ನುಗಳು ಮುಂದೆ ಅಮೆರಿಕದ ಹತ್ತಿ ಬೀಜದ ಜೊತೆಗೆ ಧಾರವಾಡ ಪ್ರಾಂತಕ್ಕೂ ಬಂದವು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಸವಾನಾದಂತಹ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ದೊರೆಯಿತು. 1864ರ ಡಿಸೆಂಬರಿನಲ್ಲಿ ಸವಾನಾವನ್ನು ವಶಪಡಿಸಿಕೊಂಡ ಜನರಲ್ ಶೆರ್ಮನ್ ಅದನ್ನು ಅಧ್ಯಕ್ಷ ಲಿಂಕನ್ನರಿಗೆ ಕ್ರಿಸ್ಮಸ್ ಕಾಣಿಕೆಯೆಂದು ತಂತಿ ಕಳುಹಿಸಿದಾಗ, ಆ ಕಾಣಿಕೆಯ ಯಾದಿಯಲ್ಲಿ ಸುಮಾರು 25,000 ಹತ್ತಿ ಬೇಲುಗಳೂ ಇದ್ದವು. ಯುದ್ಧ ಮುಗಿದೊಡನೆ ನಮ್ಮಲ್ಲಿ ದರ ಕುಸಿದು ಎಷ್ಟು ಮಂದಿ ದಿವಾಳಿಯಾದರೆಂಬುದು ಬೇರೆಯೇ ಅಧ್ಯಾಯ.

ನದಿದಂಡೆಯ ದಿಬ್ಬಕ್ಕೆ ಒರಗಿದಂತೆ ನಿಂತಿರುವ ಅರಳೆ ಗೋದಾಮುಗಳೇ ಇಂದು ಪ್ರವಾಸಿಗರ ಮುಖ್ಯ ಆಕರ್ಷಣೆ. ಕೆಳ ಅಂತಸ್ತುಗಳು ನದಿಯ ಬೀದಿಗೂ ಮೇಲಂತಸ್ತುಗಳು ಊರಿನ ಬೀದಿಗೂ ತೆರೆದುಕೊಳ್ಳುತ್ತವೆ. ನಡುವಣ ಓಣಿಗೆ ಫ್ಯಾಕ್ಟರ್ಸ್ ವಾಕ್ ಎಂದು ಹೆಸರು. ಫ್ಯಾಕ್ಟರ್ ಎಂದರೆ ನಮ್ಮ ಅಡತಿ ವ್ಯಾಪಾರಿಯೇ. ಕೆಳಗೆ ಸಾಗುವ ಗಾಡಿಗಳ ಮಾಲನ್ನು ಅವರು ಅಲ್ಲಿನ ಕಬ್ಬಿಣದ ಕಾಲುಸೇತುವೆಗಳ ಮೇಲಿನಿಂದಲೇ ಅಳೆದು ನೋಡುತ್ತಿದ್ದರೆಂದು ಹೇಳುತ್ತಾರೆ. ಹಡಗುಗಳು ತೂಕಕ್ಕಾಗಿ ಹೇರಿಕೊಂಡು ಬಂದ ಕಲ್ಲುಗಳಿಂದಲೇ ಬೀದಿಗೆ ನೆಲಗಟ್ಟು ಹಾಸಲಾಗಿದೆ. ಮೆಟ್ಟಿಲುಗಳು ಕಡಿದಾಗಿವೆ, ಮೊಣಕಾಲು ನೋವಿರುವವರು ಎಚ್ಚರ ವಹಿಸಬೇಕು. ಈ ಗೋದಾಮುಗಳಲ್ಲಿ ಈಗ ವಸತಿಗೃಹಗಳು, ಉಪಾಹಾರ ಮಂದಿರಗಳು, ಪಾನಗೃಹಗಳು ಮತ್ತು ಮಿಠಾಯಿ ಅಂಗಡಿಗಳಿವೆ. ಎದುರು ದಡಕ್ಕೆ ದೋಣಿಯ ಪ್ರಯಾಣ ಉಚಿತ. ಸಂಜೆಯ ವೇಳೆ ಭಾರೀ ಕಂಟೇನರ್ ಹಡಗುಗಳು ಬೀದಿಯ ಪಕ್ಕದಲ್ಲೇ ಸಾಗುತ್ತವೆ.

ಕತ್ತಲಾದ ಮೇಲೆ ಇಲ್ಲಿ ವ್ಯಾಪಾರ ನಿಲ್ಲುವುದಿಲ್ಲ. ಭೂತದ ಕಥೆ ಹೇಳುತ್ತಾ ಹಳೆಯ ಮನೆಗಳನ್ನು ತೋರಿಸುವ ನಡಿಗೆಗಳಿವೆ. ಶವವಾಹನವನ್ನೇ ಮಾರ್ಪಡಿಸಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವರೂ ಇದ್ದಾರೆ! ಐತಿಹಾಸಿಕ ವಲಯದ ಗೊತ್ತುಪಡಿಸಿದ ಗಡಿಯೊಳಗೆ, 21 ವರ್ಷ ತುಂಬಿದವರು 16 ಔನ್ಸಿನ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಮದ್ಯವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯಬಹುದು. ಗಾಜಿನ ಸೀಸೆಗೆ ಅವಕಾಶವಿಲ್ಲ. ಮದ್ಯ ಸೇವಿಸದ ನಾನು ಅಂತಹುದೇ ಲೋಟದಲ್ಲಿ ನಿಂಬೆಯ ಪಾನಕ ಹಿಡಿದು ನಡೆದೆ; ಯಾರೂ ವಿಚಾರಿಸಲಿಲ್ಲ. ಇದನ್ನೆಲ್ಲ ಕೇಳಿದ ನಮ್ಮ ಹಲವು ಮಿತ್ರರು, ಆ ಊರು ಬದುಕಿರುವುದೇ ಕುಡಿತದಿಂದ ಎಂದು ತೀರ್ಮಾನಿಸಿಬಿಟ್ಟರು. ಇದು ಲೆಕ್ಕದ ತಪ್ಪೆಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಯು ಒಂದು ಊಟದ ಹಣವನ್ನಷ್ಟೇ ಬಿಟ್ಟುಹೋಗುತ್ತಾನೆ. ಸಂಜೆಯ ಮೇಲೆ ನೋಡಲು ಏನಾದರೂ ಇದ್ದರೆ ಆತ ಕೊಠಡಿ ಹಿಡಿಯುತ್ತಾನೆ. ಮರುದಿನದ ಉಪಾಹಾರ, ಬಾಡಿಗೆ ವಾಹನ, ಖರೀದಿ ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಕೊಠಡಿ ಬಾಡಿಗೆಯ ಮೇಲಿನ ನಗರದ ತೆರಿಗೆಯನ್ನು 2023ರಲ್ಲಿ ಶೇ. 6ರಿಂದ ಶೇ. 8ಕ್ಕೆ ಏರಿಸಲಾಯಿತು. ಇದರ ಜೊತೆಗೆ ರಾಜ್ಯಕ್ಕೆ ಪ್ರತಿ ರಾತ್ರಿಗೆ 5 ಡಾಲರ್ ಸಲ್ಲುತ್ತದೆ. ನಗರದ ತೆರಿಗೆಯ ಒಂದು ಪಾಲು ಪ್ರವಾಸೋದ್ಯಮದ ಪ್ರಚಾರಕ್ಕೆ ಹೋಗುತ್ತದೆ. ಬಹುಕಾಲ ಆ ಪ್ರಚಾರ ಕಾರ್ಯ ನಡೆದದ್ದು ಅಲ್ಲಿಯ ವಾಣಿಜ್ಯ ಮಂಡಳಿಯ ಆಶ್ರಯದಲ್ಲೇ ಎಂಬುದನ್ನು ನಮ್ಮ ಸದಸ್ಯರು ಗಮನಿಸಬೇಕು.

ಆದರೆ ಈ ಊರೂ ಒಮ್ಮೆ ನನ್ನಂತಹವರ ಸಲಹೆಯನ್ನೇ ಕೇಳಿತ್ತು. ಹತ್ತಿಯ ವಹಿವಾಟು ಕುಗ್ಗಿದ ಮೇಲೆ, 1954ರಲ್ಲಿ, ವಾಹನ ನಿಲುಗಡೆಯ ಕಟ್ಟಡಕ್ಕಾಗಿ ಹಳೆಯ ಮಾರುಕಟ್ಟೆಯನ್ನು ಕೆಡವಲಾಯಿತು. ಮರುವರ್ಷ, 1820ರ ಕಾಲದ ಡೇವನ್‌ಪೋರ್ಟ್ ಮನೆಗೂ ಅದೇ ಗತಿ ಬರಲಿದ್ದಾಗ ಏಳು ಮಹಿಳೆಯರು 22,500 ಡಾಲರ್ ಕೂಡಿಸಿ ಅದನ್ನು ಕೊಂಡರು. ಅವರು ಸ್ಥಾಪಿಸಿದ ಸಂಸ್ಥೆಯು ಮುಂದೆ ಒಂದು ಆವರ್ತ ನಿಧಿಯನ್ನು ರೂಪಿಸಿತು: ಶಿಥಿಲ ಕಟ್ಟಡವನ್ನು ಕೊಳ್ಳುವುದು, ಕೆಡವಕೂಡದೆಂಬ ಷರತ್ತನ್ನು ಕ್ರಯಪತ್ರದಲ್ಲಿ ಸೇರಿಸಿ ಮಾರುವುದು, ಬಂದ ಹಣದಿಂದ ಮತ್ತೊಂದನ್ನು ಕೊಳ್ಳುವುದು. ಹೀಗೆ ಸುಮಾರು ನಾನೂರು ಕಟ್ಟಡಗಳು ಉಳಿದಿವೆ. ವ್ಯಾಪಾರಿಗಳಿಗೆ ಇದಕ್ಕಿಂತ ಸರಳವಾದ ಯೋಜನೆಯನ್ನು ನಾನು ಕಂಡಿಲ್ಲ. ಮಾರುಕಟ್ಟೆಯಿದ್ದ ಎಲ್ಲಿಸ್ ಚೌಕದ ನಿಲುಗಡೆ ಕಟ್ಟಡವನ್ನು ಕಡೆಗೆ ನಗರವೇ ಕೆಡವಿ, ವಾಹನಗಳನ್ನು ನೆಲದಡಿಗೆ ಇಳಿಸಿ, 2010ರಲ್ಲಿ ಚೌಕವನ್ನು ಮರಳಿ ತೆರೆಯಿತು. ಹಳೆಯ ಮಾರುಕಟ್ಟೆ ಮಾತ್ರ ಮರಳಲಿಲ್ಲ.

ಜಮೆಯ ಪುಟವನ್ನಷ್ಟೇ ಓದಿದರೆ ಲೆಕ್ಕ ಪೂರ್ತಿಯಾಗದು. 1859ರ ಮಾರ್ಚಿನಲ್ಲಿ ಇದೇ ಊರಿನ ಹೊರವಲಯದ ಕುದುರೆ ಪಂದ್ಯದ ಮೈದಾನದಲ್ಲಿ, ತೋಟದ ಮಾಲೀಕನೊಬ್ಬನ ಸಾಲ ತೀರಿಸಲು ನಾನೂರಕ್ಕೂ ಹೆಚ್ಚು ಗುಲಾಮರನ್ನು ಎರಡು ದಿನ ಹರಾಜು ಹಾಕಲಾಯಿತು. ಬಂದ ಮೊತ್ತ 3,03,850 ಡಾಲರ್. ಗೋದಾಮುಗಳ ವೈಭವದ ಹಿಂದಿನ ಬಂಡವಾಳ ಇಂತಹುದು. ರಾತ್ರಿಯ ನಡಿಗೆಯಲ್ಲಿ ಭೂತದ ಕಥೆಗೆ ದೊರೆತ ಸಮಯದಲ್ಲಿ ಕಾಲುಭಾಗವೂ ಇದಕ್ಕೆ ದೊರೆಯಲಿಲ್ಲ. ಅದು ನನಗೆ ಹಿಡಿಸಲಿಲ್ಲ. ಇನ್ನು ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋದರೆ ಊರಿನವರು ಎಲ್ಲಿ ಇರಬೇಕು? ಅದಕ್ಕೆಂದೇ ಮಾಲೀಕರು ವಾಸವಿಲ್ಲದ ಬಾಡಿಗೆ ಮನೆಗಳಿಗೆ ನಗರವು 2017ರಲ್ಲಿ ವಾರ್ಡಿಗೆ ಶೇ. 20ರ ಮಿತಿ ಹಾಕಿತು.

ಹುಬ್ಬಳ್ಳಿಯಲ್ಲಿ ನದಿಯಿಲ್ಲ, ಪ್ರತಿಯೊಂದು ಜಿನ್ನಿಂಗ್ ಗೋದಾಮೂ ಹೋಟೆಲಾಗದು ಎಂಬುದನ್ನು ನಾನು ಬಲ್ಲೆ. ಆದರೂ ಇನ್ನೂ ನಿಂತಿರುವ ಕಲ್ಲಿನ ಗೋದಾಮುಗಳೆಷ್ಟು, ಅವುಗಳ ವಿಸ್ತೀರ್ಣವೆಷ್ಟು, ಮಾಲೀಕತ್ವ ಯಾರದು ಎಂಬ ಪಟ್ಟಿಯೊಂದನ್ನು ನಮ್ಮ ಮಂಡಳಿಯು ಈ ವರ್ಷವೇ ಸಿದ್ಧಪಡಿಸಬೇಕೆಂದು ಸೂಚಿಸುತ್ತೇನೆ. ಲೆಕ್ಕದ ಭಾಗವನ್ನು ಶುಲ್ಕವಿಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.